ಗಾಳಿಯಿಂದ ದೀಪ ಹಚ್ಚಿದ ಮೇಷ್ಟ್ರು

ಪೌಲ್ ಲಾ ಕೂರ್ 1846ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದರು. ಹವಾಮಾನ ಸಂಸ್ಥೆಯ ಉಪನಿರ್ದೇಶಕರಾಗಿದ್ದವರು 1878ರಲ್ಲಿ ಆಸ್ಕೊವ್ ಹಳ್ಳಿಗೆ ಬಂದು, ರೈತರ ಮಕ್ಕಳು ಓದುತ್ತಿದ್ದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸತೊಡಗಿದರು. ಪಟ್ಟಣದ ವಿದ್ಯುತ್ ಹಳ್ಳಿಗೂ ಸಿಗಬೇಕೆಂಬುದು ಅವರ ಹಂಬಲ.

1891ರಲ್ಲಿ ಸರ್ಕಾರದ ನೆರವಿನಿಂದ ಗಾಳಿಯಂತ್ರ ನಿಲ್ಲಿಸಿ ಡೈನಮೊ ತಿರುಗಿಸಿದರು. ಆದರೆ ಗಾಳಿ ನಿಂತರೆ ವಿದ್ಯುತ್ತೂ ನಿಲ್ಲುತ್ತದೆ. ಅದಕ್ಕಾಗಿ ಆ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಹೈಡ್ರೋಜನ್ ಕೂಡಿಟ್ಟು, 1895ರಿಂದ ಶಾಲೆಯ ದೀಪಗಳನ್ನು ಉರಿಸಿದರು.

ಯಂತ್ರವೊಂದೇ ಸಾಲದು, ಅದನ್ನು ನೋಡಿಕೊಳ್ಳುವವರೂ ಹಳ್ಳಿಯಲ್ಲೇ ಇರಬೇಕು. ಆದ್ದರಿಂದ 1904ರಲ್ಲಿ ಹಳ್ಳಿಯ ವಿದ್ಯುತ್ ಕೆಲಸಗಾರರಿಗೆ ತರಬೇತಿ ಆರಂಭಿಸಿದರು. 1908ರಲ್ಲಿ ತೀರಿಕೊಂಡರು; ಅವರ ಬಳಿ ಕಲಿತವರು ಊರೂರಲ್ಲಿ ಕೆಲಸ ಮುಂದುವರಿಸಿದರು.

ನಾವು ತರಗತಿಯಲ್ಲಿ ನೀರಿನ ವಿದ್ಯುದ್ವಿಭಜನೆಯನ್ನು ಸಮೀಕರಣ ಬರೆದು ಮುಗಿಸುತ್ತೇವೆ. ಅದೇ ಪಾಠದಿಂದ ಲಾ ಕೂರ್ ಶಾಲೆಗೆ ಬೆಳಕು ತಂದಿದ್ದರು.