ಮಹಮೂದ್ ಗವಾನ್: ಜೀವದ ಬೆಲೆಯನ್ನು ಕುರಿತ ಎರಡು ವಾದಗಳು

ಬೀದರ, ಕಮಠಾಣ ಪರಿಸರದಲ್ಲಿ ಮಹಮೂದ್ ಗವಾನನ ಹೆಸರು ಅವನು ಕಟ್ಟಿಸಿದ ಮದರಸಾದೊಂದಿಗೆ ಬೆಸೆದುಕೊಂಡಿದೆ. 1472ರಲ್ಲಿ ಪೂರ್ಣಗೊಂಡ ಆ ಕಟ್ಟಡ ಅವನನ್ನು ವಿದ್ಯಾಪೋಷಕನಾಗಿ ಉಳಿಸಿದೆ. ಅವನು ಪತ್ರಲೇಖನಕಲೆಯ ಶಾಸ್ತ್ರಕಾರನೂ ಆಗಿದ್ದನೆಂಬ ಸಂಗತಿಗೆ ಅಷ್ಟು ಗಮನ ಸಂದಿಲ್ಲ. ಪಾರಸಿಯಲ್ಲಿ ಅವನು ರಚಿಸಿದ ‘ಮನಾಝಿರ್-ಉಲ್-ಇನ್‌ಶಾ’ ಆ ಕಲೆಯ ಲಕ್ಷಣಗ್ರಂಥ. ‘ರಿಯಾಝ್-ಉಲ್-ಇನ್‌ಶಾ’ ಅವನ ಪತ್ರಗಳ ಸಂಕಲನ. ಮಾತಿನಿಂದ ಮನವೊಲಿಸುವ ವಿದ್ಯೆಯಲ್ಲಿ ಪರಿಣತನಾಗಿದ್ದ ಈತ ತಾನು ಬರೆಯದ ಒಂದು ಪತ್ರದ ನೆಪದಲ್ಲಿ ಹತನಾದನು.

ಇರಾನಿನ ಗಿಲಾನ್ ಪ್ರಾಂತ್ಯದ ಗವಾನ್ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿಳಿದು 1453ರಲ್ಲಿ ಬೀದರನ್ನು ಸೇರಿದನು. ಎರಡನೆಯ ಅಲಾವುದ್ದೀನ್ ಅಹಮದನ ಕಾಲದಲ್ಲಿ ರಾಜಸೇವೆಗೆ ಸೇರಿ, ಮೂರನೆಯ ಮಹಮ್ಮದನ ಆಳ್ವಿಕೆಯಲ್ಲಿ 1466ರ ವೇಳೆಗೆ ಪ್ರಧಾನಿಯಾದನು. 1472ರಲ್ಲಿ ಗೋವೆ ಅವನ ವಶವಾಯಿತು. ರಾಜ್ಯದ ನಾಲ್ಕು ತರಫಗಳನ್ನು ಎಂಟಾಗಿ ವಿಂಗಡಿಸಿದುದು, ತರಫದಾರರ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದುದು, ಭೂಮಿಯನ್ನು ಅಳೆಯಿಸಿದುದು ಸರದಾರರ ಹಗೆತನಕ್ಕೆ ಕಾರಣವಾದುವು. ಮಲಿಕ್ ಹಸನ್ ನಿಜಾಮುಲ್ಮುಲ್ಕನ ಪಕ್ಷದವರು ಅವನ ಮುದ್ರಾಧಿಕಾರಿಯನ್ನು ಒಲಿಸಿ ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಒಕ್ಕಣೆ ಅದರ ಮೇಲೆ ಮೂಡಿತು.

1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ನಡೆದುದನ್ನು ಫೆರಿಷ್ತಾ ವಿವರವಾಗಿ ಹೇಳಿದ್ದಾನೆ. ಗುಜರಾತಿಗೆ ಪಾರಾಗಬೇಕೆಂಬ ಆಪ್ತರ ಸಲಹೆಯನ್ನು ತಿರಸ್ಕರಿಸಿ ಗವಾನನು ಸುಲ್ತಾನನೆದುರು ಬಂದನು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ಪತ್ರವನ್ನು ಮೊದಲು ತೋರಿಸಲಿಲ್ಲ. ಸ್ವಾಮಿದ್ರೋಹಿಗೆ ಯಾವ ಶಿಕ್ಷೆ ತಕ್ಕುದೆಂದು ಕೇಳಿದನು. ಮರಣವೇ ತಕ್ಕುದೆಂದು ಮಂತ್ರಿ ಉತ್ತರಿಸಿದ ಬಳಿಕ ಪತ್ರ ಹೊರಬಂದಿತು. ಸಾಮಾನ್ಯ ತತ್ತ್ವಕ್ಕೆ ಎದುರಾಳಿಯ ಸಮ್ಮತಿ ಪಡೆದು, ಅನಂತರ ಅದನ್ನು ಅವನ ಕೊರಳಿಗೇ ಬಿಗಿಯುವ ತಂತ್ರವಿದು. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಗವಾನನು ಮೊದಲು ಸಾಕ್ಷ್ಯವನ್ನು ವಿಂಗಡಿಸಿದನು. ಅದು ನಡೆಯದಾದಾಗ ಪ್ರಾಣಭಿಕ್ಷೆ ಬೇಡಲಿಲ್ಲ. ಎಪ್ಪತ್ತೆಂಟರ ಮುದುಕನಾದ ತನಗೆ ಸಾವು ದೊಡ್ಡದಲ್ಲ, ರಾಜ್ಯಕ್ಕೆ ಮಾತ್ರ ಅದು ವಿನಾಶಕಾರಿಯೆಂದು ಎಚ್ಚರಿಸಿದನು. ತನ್ನ ಜೀವದ ಬೆಲೆಯನ್ನು ಅವನು ತನ್ನಲ್ಲಿ ಇರಿಸಲಿಲ್ಲ, ರಾಜ್ಯದಲ್ಲಿ ಇರಿಸಿದನು. ಈ ವಾದ ಸುಲ್ತಾನನಿಗೆ ತಟ್ಟಲಿಲ್ಲ. ಜೌಹರನೆಂಬ ಗುಲಾಮನ ಕತ್ತಿ ಕೆಲಸ ಮುಗಿಸಿತು.

ಬಹಮನಿ ಚರಿತ್ರೆಯಲ್ಲೇ ಇದಕ್ಕೊಂದು ಪ್ರತಿಮಾದರಿಯಿದೆ. 1366-67ರ ಯುದ್ಧದಲ್ಲಿ ಮೊದಲನೆಯ ಮಹಮ್ಮದ್ ಷಾ ಲಕ್ಷ ಜನರನ್ನು ಕೊಲ್ಲದೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಪ್ರತಿಜ್ಞೆ ಮಾಡಿದ್ದನು. ವಿಜಯನಗರದ ರಾಯಭಾರಿಗಳು ಆ ಪ್ರತಿಜ್ಞೆಯನ್ನು ಖಂಡಿಸಲಿಲ್ಲ; ಅದು ಒಂದು ಸಂಖ್ಯೆಗೆ ಸೀಮಿತವೇ ಹೊರತು ಜನಾಂಗದ ನಿರ್ಮೂಲನಕ್ಕಲ್ಲವೆಂದು ಸುಲ್ತಾನನಿಗೆ ಅವನ ಆಪ್ತನೊಬ್ಬನೇ ನೆನಪಿಸಿದನು. ರಾಯಭಾರಿಗಳು ಜಗಳದ ಮೂಲವಾಗಿದ್ದ ಗಾಯಕರ ಹಣವನ್ನು ಸಲ್ಲಿಸಿ ಅವನನ್ನು ಪ್ರಸನ್ನಗೊಳಿಸಿದ ಮೇಲೆಯೇ ಮುಖ್ಯ ಮಾತಿಗೆ ಬಂದರು: ಅರಸನ ತಪ್ಪಿಗೆ ಹೆಂಗಸರು, ಮಕ್ಕಳು, ನಿಶ್ಶಸ್ತ್ರರು ಸಾಯುವುದು ಯಾವ ಧರ್ಮಕ್ಕೂ ಒಪ್ಪದು, ಎರಡು ರಾಜ್ಯಗಳೂ ಮುಂದೆಯೂ ನೆರೆಹೊರೆಯಾಗಿಯೇ ಇರಬೇಕು. ವಿಜಯದ ಅನಂತರ ಕೊಲ್ಲುವುದಿಲ್ಲವೆಂದು ಸುಲ್ತಾನನು ಆಣೆಯಿಟ್ಟನು. ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಷಾ ವಲಿಯೇ ಮುಂದೆ ಆ ಆಣೆಯನ್ನು ಮುರಿದನೆಂಬುದು ಬೇರೆ ಮಾತು.

ಎರಡೂ ವಾದಗಳು ಪರಿಣಾಮವನ್ನು ಮುಂದಿಡುತ್ತವೆ. ರಾಯಭಾರಿಗಳು ಕೇಳುವವನ ಅಭಿಮಾನಕ್ಕೆ ಕುಂದಾಗದಂತೆ ಹಿಮ್ಮೆಟ್ಟುವ ದಾರಿಯನ್ನು ಮೊದಲು ಒದಗಿಸಿದರು. ಗವಾನನ ಎಚ್ಚರಿಕೆಯಲ್ಲಿ ಸುಲ್ತಾನನಿಗೆ ಅಂಥ ದಾರಿಯಿರಲಿಲ್ಲ. ನಿಜ, ಎರಡೂ ಪ್ರಸಂಗಗಳು ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಫೆರಿಷ್ತಾನ ಲೇಖನಿಯಿಂದ ಬಂದವು. ಮಾತುಗಳ ಜೋಡಣೆಯಲ್ಲಿ ಅವನ ಕೈಯೂ ಇದ್ದೀತು. ಆದರೆ ಗವಾನನ ಭವಿಷ್ಯ ಸುಳ್ಳಾಗಲಿಲ್ಲ. 1482ರಲ್ಲಿ ಸುಲ್ತಾನನು ತೀರಿಕೊಂಡನು. 1490ರಲ್ಲಿ ಮಲಿಕ್ ಹಸನನ ಮಗನೇ ಅಹಮದನಗರದಲ್ಲಿ ಸ್ವತಂತ್ರನಾದನು.

ಕೊಲೆಯ ಬಳಿಕ ಅಪಾರ ಸಂಪತ್ತು ದೊರೆಯುವುದೆಂದು ಸುಲ್ತಾನನು ಮಂತ್ರಿಯ ಬೊಕ್ಕಸವನ್ನು ಶೋಧಿಸಿದಾಗ ಸಿಕ್ಕಿದ್ದು ಅತ್ಯಲ್ಪ. ದೇಹವನ್ನು ಬೀದರಿಗೆ ಕಳುಹಿಸಲಾಯಿತು. ಗವಾನನ ಗೋರಿ ಊರ ಹೊರಗಿನ ಗೋರನಳ್ಳಿಯಲ್ಲಿದೆ.