ಜಪಾನಿನ ಗಾಯಕಿ ಮಿಸೊರಾ ಹಿಬಾರಿ

ಹಾಡುಗಾರರ ಬಾಳಿನಲ್ಲಿ ಒಂದು ವಿಚಿತ್ರವಾದ ಸಂಕಟವಿದೆ. ಜನರು ಯಾವ ಹಾಡಿಗಾಗಿ ಒಬ್ಬರನ್ನು ಮೆಚ್ಚಿಕೊಂಡರೋ ಆ ಹಾಡನ್ನೇ ಅವರು ಕೊನೆಯವರೆಗೂ ಹಾಡುತ್ತಿರಬೇಕೆಂದು ಬಯಸುತ್ತಾರೆ. ಹೊಸ ಧಾಟಿಯನ್ನು ಹಿಡಿದರೆ ತನ್ನತನವನ್ನು ಕಳೆದುಕೊಂಡರೆಂದು ದೂರುತ್ತಾರೆ. ಹಳೆಯದನ್ನೇ ಹಾಡಿದರೆ ಕಾಲ ಮುಗಿಯಿತೆಂದು ಕೈಬಿಡುತ್ತಾರೆ. ಈ ಎರಡು ದೂರುಗಳ ನಡುವೆ ಎಳೆಯ ವಯಸ್ಸಿನಿಂದ ಕೊನೆಯ ಉಸಿರಿನವರೆಗೂ ನಡೆದವಳು ಜಪಾನಿನ ಗಾಯಕಿ ಮಿಸೊರಾ ಹಿಬಾರಿ.

ಹೋದ ವರ್ಷ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತನ್ನ ಮೊಬೈಲಿನಲ್ಲಿ ಜಪಾನೀ ಭಾಷೆಯ ಒಂದು ಹಾಡನ್ನು ನನಗೆ ಕೇಳಿಸಿದಳು. ಅದರ ಒಂದು ಮಾತೂ ನನಗೆ ತಿಳಿಯಲಿಲ್ಲ. ಯಾರೋ ಹಿರಿಯಳೊಬ್ಬಳು ಜಗಲಿಯ ಮೇಲೆ ಕುಳಿತು ತಗ್ಗಿದ ದನಿಯಲ್ಲಿ ತನ್ನ ಕಥೆ ಹೇಳಿಕೊಳ್ಳುತ್ತಿರುವಂತೆ ಅದು ಆರಂಭವಾಗಿ, ನಡುವೆ ತಟಕ್ಕನೆ ಮೇಲಕ್ಕೇರಿತು. ಅದನ್ನು ಹಾಡಿದವಳು ಯಾರೆಂದು ಹುಡುಕಿ ಹೊರಟ ನನಗೆ ದೊರೆತದ್ದು ಒಂದು ಹಾಡಿನ ಕಥೆಯಲ್ಲ, ಒಂದು ಬಾಳಿನ ಕಥೆ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಆಕೆ ಹುಟ್ಟಿದುದು 1937ನೆಯ ಇಸವಿ ಮೇ 29ರಂದು, ಯೊಕೊಹಾಮಾ ಎಂಬ ಬಂದರು ನಗರದ ಇಸೊಗೊ ಭಾಗದಲ್ಲಿ. ತಂದೆತಾಯಿಗಳಿಟ್ಟ ಹೆಸರು ಕಾತೊ ಕಾಜುಎ. ತಂದೆ ಮಾಸುಕಿಚಿಗೆ ಒಂದು ಮೀನಿನ ಅಂಗಡಿಯಿತ್ತು. ತಾಯಿ ಕಿಮಿಎ. ನಾಲ್ವರು ಮಕ್ಕಳಲ್ಲಿ ಈಕೆಯೇ ಹಿರಿಯಳು. ಸಂಗೀತವನ್ನು ಶಾಸ್ತ್ರವಾಗಿ ಕಲಿಸುವ ಗುರುಗಳು ಆ ಮನೆಯ ಹೊಸಿಲನ್ನು ತುಳಿದವರಲ್ಲ. ಮನೆಯಲ್ಲಿದ್ದ ಗ್ರಾಮಫೋನಿನಿಂದ ಕೇಳಿ ಕಲಿತದ್ದೇ ಆಕೆಯ ಪಾಠ. 1943ರಲ್ಲಿ ತಂದೆಗೆ ನೌಕಾಪಡೆಯಿಂದ ಕರೆ ಬಂದಿತು. ಬೀಳ್ಕೊಡುವ ಕೂಟದಲ್ಲಿ ಆರು ವರ್ಷದ ಮಗಳು ನಿಂತು ಹಾಡಿದಾಗ ನೆರೆದವರೆಲ್ಲ ಕಣ್ಣೊರೆಸಿಕೊಂಡರಂತೆ. ಮಗಳ ಕೊರಳಿಗೆ ಜನರನ್ನು ಅಳಿಸುವ ಶಕ್ತಿಯಿದೆಯೆಂಬುದನ್ನು ತಾಯಿ ಅಂದು ಕಂಡುಕೊಂಡಳು. ಮುಂದಿನದೆಲ್ಲ ಅಲ್ಲಿಂದಲೇ ಹುಟ್ಟಿತೆಂದರೆ ತಪ್ಪಲ್ಲ.

ಯುದ್ಧ ಮುಗಿಯಿತು. ಜಪಾನಿನ ನಗರಗಳು ಸುಟ್ಟು ಬೂದಿಯಾಗಿದ್ದವು; ಅನ್ನಕ್ಕೆ ತತ್ವಾರವಾಗಿತ್ತು. ಅಂಥ ದಿನಗಳಲ್ಲಿ ಕಿಮಿಎ ಮಗಳಿಗಾಗಿ ಒಂದು ಪುಟ್ಟ ವಾದ್ಯತಂಡವನ್ನು ಕಟ್ಟಿ, ಸಿಕ್ಕಿದ ವೇದಿಕೆಗಳ ಮೇಲೆಲ್ಲ ಆಕೆಯನ್ನು ಹಾಡಿಸಿದಳು. 1946ರಲ್ಲಿ ರೇಡಿಯೋದವರು ನಡೆಸುತ್ತಿದ್ದ ಹವ್ಯಾಸಿ ಗಾಯಕರ ಸ್ಪರ್ಧೆಗೆ ಹುಡುಗಿ ಹೋದಳು. ಚೆನ್ನಾಗಿ ಹಾಡಿದವರಿಗೆ ಘಂಟೆ ಬಾರಿಸುವುದು ಅಲ್ಲಿನ ಪದ್ಧತಿ. ಈಕೆ ಹಾಡಿ ಮುಗಿಸಿದರೂ ಘಂಟೆ ಬಾರಿಸಲಿಲ್ಲ. ಹಾಡಿದ್ದು ಕೆಟ್ಟಿತ್ತೆಂದಲ್ಲ, ಮಗು ಮಗುವಿನಂತೆ ಹಾಡಲಿಲ್ಲವೆಂಬುದೇ ತೀರ್ಪುಗಾರರ ತೊಡಕು. ಒಂಬತ್ತು ವರ್ಷದವಳ ಬಾಯಲ್ಲಿ ದೊಡ್ಡವರ ಹಾಡು, ದೊಡ್ಡವರ ದನಿ. ಇದಕ್ಕೆ ಎಷ್ಟು ಅಂಕ ಕೊಡಬೇಕೆಂಬುದೇ ಅವರಿಗೆ ತೋಚಲಿಲ್ಲ. ಇರಬೇಕಾದಂತೆ ಇಲ್ಲ ಎಂಬ ಆಕ್ಷೇಪಣೆ ಆಕೆಯ ಬೆನ್ನು ಹತ್ತಿದ್ದು ಅಂದಿನಿಂದ.

ಆಗ ಜಪಾನಿನಲ್ಲೆಲ್ಲ ಬೂಗಿ-ವೂಗಿ ಎಂಬ ಅಮೆರಿಕದ ಕುಣಿತದ ಲಯ ಮನೆಮಾತಾಗಿದ್ದಿತು. ಅದರ ರಾಣಿಯೆನಿಸಿದ್ದವಳು ಕಾಸಾಗಿ ಶಿಜುಕೊ. ಆಕೆಯ ಹಾಡುಗಳಿಗೆ ಸಂಗೀತ ಕೂಡಿಸಿದವನು ಹತ್ತೊರಿ ರ್ಯೊಇಚಿ. 1948ರಲ್ಲಿ ಹಿಬಾರಿ ಯೊಕೊಹಾಮಾದ ರಂಗಮಂದಿರದಲ್ಲಿ ಕಾಸಾಗಿಯ ಹಾಡುಗಳನ್ನು ಆಕೆಯ ಹಾವಭಾವಗಳೊಡನೆಯೇ ಹಾಡಿ ಹೆಸರು ಪಡೆದಳು. ಜನರು ಆಕೆಯನ್ನು ಮರಿ ಕಾಸಾಗಿ ಎಂದು ಕರೆದರು. ಹಿಬಾರಿ ಎಂದರೆ ಹಾಡುತ್ತ ಹಾಡುತ್ತ ಬಾನಿಗೇರುವ ಒಂದು ಪುಟ್ಟ ಹಕ್ಕಿ. ಮಿಸೊರಾ ಎಂದರೆ ಚೆಲುವಾದ ಬಾನು. ಹೆಸರೇನೋ ಸೊಗಸಾಗಿತ್ತು, ಆದರೆ ಹಾಡು ಇನ್ನೂ ಎರವಲಿನದು. ಮುಂದೆ 1950ರಲ್ಲಿ ಆಕೆ ಹವಾಯಿ ಮತ್ತು ಅಮೆರಿಕಕ್ಕೆ ಹೊರಟಾಗ, ಹತ್ತೊರಿಯ ಹಾಡುಗಳನ್ನು ಅಲ್ಲಿ ಹಾಡಕೂಡದೆಂದು ತಡೆ ಬಂದಿತು. ಎರವಲು ಹಾಡಿನ ಮಿತಿ ಏನೆಂಬುದು ಹದಿಮೂರು ವರ್ಷದವಳಿಗೆ ತಿಳಿದಿರಬೇಕು.

ಆ ವೇಳೆಗೆ ಆಕೆಗೆ ಸ್ವಂತ ಹಾಡುಗಳೂ ದೊರೆಯತೊಡಗಿದ್ದವು. 1949ರಲ್ಲಿ ಕೊಲಂಬಿಯಾ ಕಂಪನಿಯಿಂದ ಮೊದಲ ರೆಕಾರ್ಡು ಹೊರಬಂದಿತು. ಅದೂ ಒಂದು ಬೂಗಿಯೇ. ಅದೇ ವರ್ಷ ‘ಕನಾಶಿಕಿ ಕುಚಿಬುಎ’ ಎಂಬ ಚಲನಚಿತ್ರದಲ್ಲಿ ಗಂಡಸರ ಎತ್ತರದ ಟೋಪಿ, ಉದ್ದ ಕೋಟು ತೊಟ್ಟು, ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಅನಾಥ ಬಾಲಕಿಯಾಗಿ ನಟಿಸಿ ಹಾಡಿದಳು. ಆ ರೆಕಾರ್ಡು ಸುಮಾರು 4.5 ಲಕ್ಷ ಪ್ರತಿಗಳು ಮಾರಾಟವಾದವು. ಆದರೆ ಹೊಗಳಿಕೆಯೊಡನೆ ತೆಗಳಿಕೆಯೂ ಬಂದಿತು. ಕವಿ ಸಾತೊ ಹಾಚಿರೊ 1950ರಲ್ಲಿ ಪತ್ರಿಕೆಯೊಂದರಲ್ಲಿ, ದೊಡ್ಡವರ ಪ್ರೇಮಗೀತೆಗಳನ್ನು ಹಾಡುವ ಈ ಮಕ್ಕಳ ಆಟವನ್ನು ಅಸಹ್ಯವೆಂಬಂತೆ ಜರೆದು ಬರೆದನು. ಮಕ್ಕಳನ್ನು ರಂಗಕ್ಕೆ ತಳ್ಳಿ ದುಡಿಸುವುದರ ವಿಷಯದಲ್ಲಿ ಆತನ ಆತಂಕವನ್ನು ಸುಳ್ಳೆನ್ನಲಾರೆ. ಆದರೆ ಮನೆ ಸುಟ್ಟುಹೋದ ನಾಡಿನಲ್ಲಿ ಎಷ್ಟು ಮಕ್ಕಳು ಮಕ್ಕಳಾಗಿ ಉಳಿದಿದ್ದರು? ಆ ಮಕ್ಕಳಿಗೆಲ್ಲ ಹಿಬಾರಿಯ ದನಿಯೇ ತಮ್ಮ ದನಿಯಾಗಿ ಕೇಳಿಸಿತೆಂದು ನನಗೆ ತೋರುತ್ತದೆ.

1952ರಲ್ಲಿ ‘ರಿಂಗೊ ಒಇವಾಕೆ’ ಬಂದಿತು. ಉತ್ತರದ ತ್ಸುಗಾರು ಸೀಮೆಯ ಸೇಬಿನ ತೋಟಗಳ ಹಾಡು ಅದು. ಆ ಹಾಡಿನಲ್ಲಿ ಆಕೆ ಎದೆಯ ದನಿಯಿಂದ ನೆತ್ತಿಯ ಕಳ್ಳದನಿಗೆ ಏರುವ ರೀತಿಯನ್ನು ಕೇಳಿಯೇ ತಿಳಿಯಬೇಕು. ಸ್ವರವನ್ನು ನೇರವಾಗಿ ಹಿಡಿಯದೆ ಅದರ ಸುತ್ತ ಸಣ್ಣಗೆ ಬಳುಕಿಸುವ ಕ್ರಮವನ್ನು ಜಪಾನೀಯರು ಕೊಬುಶಿ ಎನ್ನುತ್ತಾರೆ. ನಮ್ಮ ಗಮಕಗಳನ್ನು ಕೇಳಿ ಬಲ್ಲವರಿಗೆ ಅದು ತೀರ ಅಪರಿಚಿತವೆನಿಸದು. ಅಲ್ಲಿನ ಜನಪ್ರಿಯ ಗೀತೆಗಳು ಹಲವು ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟು ಐದೇ ಸ್ವರಗಳಲ್ಲಿ ನಡೆಯುತ್ತವೆ. ಅವುಗಳಲ್ಲಿ ಒಂದು ಬಗೆಯ ಐದು ಸ್ವರಗಳು ನಮ್ಮ ಮೋಹನ ರಾಗದವೇ ಆಗಿವೆ. ಆದರೆ ಸೇಬಿನ ತೋಟದ ಹಾಡು ಹಾಡಿದ ಅದೇ ವರ್ಷ ಈಕೆ ಜಾತ್ರೆಯ ಗದ್ದಲವನ್ನು ಕುರಿತ ಒಂದು ಮಾಂಬೊ ಹಾಡನ್ನೂ ಹಾಡಿದಳು. 1955ರಲ್ಲಿ ಅಮೆರಿಕದ ಡ್ಯೂಕ್ ಎಲಿಂಗ್‌ಟನ್ನನ ತಂಡದ ಪ್ರಸಿದ್ಧ ಜಾಜ್ ಗೀತೆಯೊಂದನ್ನು ಹಾಡಿ ಮುದ್ರಿಸಿದಳು. ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬರುವುದು ಆಕೆಗೆ ಉಸಿರಾಡಿದಷ್ಟು ಸಹಜವಾಗಿದ್ದಿತು.

ಕೀರ್ತಿಯ ಬೆಲೆಯನ್ನೂ ಆಕೆ ಕೊಟ್ಟಳು. 1957ರ ಜನವರಿ 13ರಂದು ಟೋಕಿಯೋದ ಅಸಾಕುಸಾ ರಂಗಮಂದಿರದಲ್ಲಿ, ತನ್ನದೇ ವಯಸ್ಸಿನ ಅಭಿಮಾನಿ ಹುಡುಗಿಯೊಬ್ಬಳು ಆಕೆಯ ಮುಖಕ್ಕೆ ಆಮ್ಲ ಎರಚಿದಳು. ಪುಣ್ಯಕ್ಕೆ ಶಾಶ್ವತವಾದ ಗಾಯ ಉಳಿಯಲಿಲ್ಲ. 1962ರಲ್ಲಿ ನಟ ಕೊಬಾಯಾಶಿ ಅಕಿರಾನೊಡನೆ ಮದುವೆಯಾಯಿತು. ಎರಡೇ ವರ್ಷಗಳಲ್ಲಿ ಮುರಿದುಬಿದ್ದಿತು. ಅದೇ 1964ರಲ್ಲಿ, ಟೋಕಿಯೋ ಒಲಿಂಪಿಕ್ಸ್ ನಡೆದ ವರ್ಷ, ಜೂಡೊ ಮಲ್ಲರ ಛಲವನ್ನು ಹಾಡುವ ‘ಯಾವಾರಾ’ ಹೊರಬಂದು ನಾಡನ್ನೇ ಗೆದ್ದಿತು. 1965ರ ಜಪಾನ್ ರೆಕಾರ್ಡ್ ಪ್ರಶಸ್ತಿ ಅದಕ್ಕೇ ಸಂದಿತು.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಅದೇ ಧಾಟಿಯ ಹಾಡುಗಳನ್ನೇ ಸಾಲಾಗಿ ಹಾಡಿ ಸುಖವಾಗಿರುತ್ತಿದ್ದರು. 1965ರ ಫೆಬ್ರವರಿಯಲ್ಲಿ ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ತೀರಿಕೊಂಡನು. ಅದೇ ವರ್ಷ ಹಿಬಾರಿ ಅವನ ನೆನಪಿಗಾಗಿ ಒಂದು ಪೂರ್ಣ ಜಾಜ್ ಆಲ್ಬಮನ್ನು ಹಾಡಿದಳು. ಕಿವಿಯಿಂದ ಕಲಿತವಳು ಪರಭಾಷೆಯ ಮಾತುಗಳನ್ನೂ ಕಿವಿಯಿಂದಲೇ ಹಿಡಿದಳು. ಮಲ್ಲರ ಹಾಡಿನ ಗಡಸು ದನಿ ಇಲ್ಲಿ ಎಲ್ಲಿಗೆ ಹೋಯಿತೋ! ಮೆತ್ತನೆಯ ಕಂಬಳಿಯಂತೆ ಹರಡಿಕೊಳ್ಳುವ ಇನ್ನೊಂದೇ ದನಿ. ಮರುವರ್ಷ ‘ಕನಾಶಿ ಸಾಕೆ’ ಎಂಬ ಶೋಕಗೀತೆ. 1967ರಲ್ಲಿ ಗಿಡ್ಡ ಲಂಗ ತೊಟ್ಟು, ವಿದ್ಯುತ್ ಗಿಟಾರಿನ ಹುಡುಗರ ತಂಡದೊಡನೆ ‘ಮಕ್ಕಾನಾ ತಾಇಯೊ’ ಎಂಬ ಕುಣಿತದ ಹಾಡು. ಇಂದು ಜನರು ಆಕೆಯನ್ನು ಎಂಕಾ ಎಂಬ ನೋವಿನ ಗೀತೆಗಳ ರಾಣಿಯೆಂದು ನೆನೆಯುತ್ತಾರೆ. ಆದರೆ ಆ ಹೆಸರು ಈ ಬಗೆಯ ಹಾಡುಗಳಿಗೆ ಅಂಟಿ ಪ್ರಚಾರಕ್ಕೆ ಬಂದುದೇ 1960ರ ದಶಕದ ಕೊನೆಯ ಹೊತ್ತಿಗೆ. ಆ ಹೆಸರಿನ ಪೆಟ್ಟಿಗೆ ಸಿದ್ಧವಾಗುವ ಮೊದಲೇ ಈಕೆ ಹಲವು ಪೆಟ್ಟಿಗೆಗಳನ್ನು ಮುರಿದು ಬಂದಿದ್ದಳು.

ಆಕೆಯ ಬಾಳಿನಲ್ಲಿ ಕಪ್ಪು ಪುಟಗಳೂ ಇವೆ. ಅವನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹ. ಆಕೆಯ ಕಾರ್ಯಕ್ರಮಗಳ ವ್ಯವಸ್ಥೆಯಲ್ಲಿ ಯಾಮಾಗುಚಿ-ಗುಮಿ ಎಂಬ ಭೂಗತ ಪಾತಕಿಗಳ ಕೂಟದ ನಾಯಕ ತಾಒಕಾ ಕಾಜುಒನ ಕೈ ಮೊದಲಿನಿಂದಲೂ ಇದ್ದಿತು. ಆಕೆಯ ತಮ್ಮನೂ ಅಂಥವರ ಸಹವಾಸಕ್ಕೆ ಬಿದ್ದು ಪೊಲೀಸರ ಕೈಗೆ ಸಿಕ್ಕಿದನು. 1973ರಲ್ಲಿ ಊರೂರಿನ ಸಭಾಂಗಣಗಳು ಆಕೆಗೆ ಬಾಗಿಲು ಮುಚ್ಚಿದವು. ವರ್ಷದ ಕೊನೆಯ ರಾತ್ರಿ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ನಡೆಸುವ ಹಾಡಿನ ಮಹೋತ್ಸವದಲ್ಲಿ 1963ರಿಂದ ಸತತವಾಗಿ ಹತ್ತು ವರ್ಷ ಹೆಂಗಸರ ಪಕ್ಷದ ಕೊನೆಯ ಹಾಡು ಆಕೆಯದಾಗಿದ್ದಿತು; ಆ ವರ್ಷ ಆಕೆಗೆ ಕರೆಯೇ ಬರಲಿಲ್ಲ. ತಮ್ಮನನ್ನು ದೂರವಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆಕೆ ಬಿಡಲಿಲ್ಲ. ಅದನ್ನು ಮಮತೆಯೆನ್ನಬೇಕೋ ಮೋಹವೆನ್ನಬೇಕೋ ನಾನು ಹೇಳಲಾರೆ. ಕುಟುಂಬದ ಬೆನ್ನ ಮೇಲೆ ನಿಂತು ಮೇಲೆ ಬಂದವರಿಗೆ ಅದು ಸುಲಭವಾದ ಪ್ರಶ್ನೆಯಲ್ಲ.

ಬಳಿಕ ಸಾವುಗಳ ಸರಣಿ ಮೊದಲಾಯಿತು. 1981ರಲ್ಲಿ ನೆರಳಿನಂತಿದ್ದ ತಾಯಿ ಹೋದಳು. ಮುಂದಿನ ವರ್ಷ ಜೊತೆಯಲ್ಲಿ ಹಾಡಿ ನಟಿಸಿದ ಗೆಳತಿ ಎರಿ ಚಿಎಮಿ ಹೋದಳು. 1983ರಲ್ಲಿ ಒಬ್ಬ ತಮ್ಮ, 1986ರಲ್ಲಿ ಇನ್ನೊಬ್ಬ. ಇಬ್ಬರೂ 42ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಉಳಿದವನು ತಮ್ಮನ ಮಗ. ಅವನನ್ನು ಆಕೆ ದತ್ತು ತೆಗೆದುಕೊಂಡಿದ್ದಳು. 1987ರ ಏಪ್ರಿಲಿನಲ್ಲಿ ಫುಕುಒಕಾದ ಆಸ್ಪತ್ರೆಗೆ ಸೇರಿದಾಗ ಎರಡೂ ತೊಡೆಯ ಮೂಳೆಗಳ ತುದಿ ಸತ್ತುಹೋಗುತ್ತಿದ್ದವು, ಯಕೃತ್ತೂ ಕೆಟ್ಟಿದ್ದಿತು. ಇನ್ನು ಹಾಡುವಳೆಂದು ಹೆಚ್ಚು ಜನ ನಂಬಿರಲಿಲ್ಲ. ಆದರೆ 1988ರ ಏಪ್ರಿಲ್ 11ರಂದು, ಹೊಸದಾಗಿ ಕಟ್ಟಿದ ಟೋಕಿಯೋ ಡೋಮ್ ಎಂಬ ಬೃಹತ್ ಕ್ರೀಡಾಂಗಣದಲ್ಲಿ ಸುಮಾರು 50,000 ಜನರೆದುರು ಆಕೆ 39 ಹಾಡುಗಳನ್ನು ಹಾಡಿದಳು. ರಂಗದ ಹಿಂದೆ ಆಂಬುಲೆನ್ಸ್ ಸಿದ್ಧವಾಗಿ ನಿಂತಿತ್ತು. ಕೊನೆಯಲ್ಲಿ ಸುಮಾರು ನೂರು ಮೀಟರಿನ ಹಾದಿಯನ್ನು ನೋಯುವ ಕಾಲುಗಳ ಮೇಲೆ ನಡೆದು, ಜನರಿಗೆ ಕೈಬೀಸುತ್ತ ಹೊರಹೋದಳು.

ಇಲ್ಲಿಗೆ ಕಥೆ ಮುಗಿದಿದ್ದರೂ ಅದು ವೀರಗಾಥೆಯೇ. ಆದರೆ ನನ್ನನ್ನು ಹೆಚ್ಚು ಕಾಡಿದುದು ಆಮೇಲಿನ ಎಂಟು ತಿಂಗಳು. 51ನೆಯ ವಯಸ್ಸಿನ ಆ ಮಹಾಗಾಯಕಿ ತನ್ನ ಮುಂದಿನ ಆಲ್ಬಮಿನ ಹಾಡುಗಳನ್ನು ಬರೆಯುವ ಕೆಲಸವನ್ನು ಕೊಟ್ಟದ್ದು ಹಳೆಯ ಗೀತಕಾರರಿಗಲ್ಲ, ಅಕಿಮೊಟೊ ಯಾಸುಶಿ ಎಂಬ ಮೂವತ್ತು ವರ್ಷದ ಯುವಕನಿಗೆ. ಅವನು ಹದಿಹರೆಯದ ಹುಡುಗಿಯರ ತಂಡಕ್ಕೆ ತಮಾಷೆಯ ಹಾಡು ಬರೆದು ಹೆಸರಾಗಿದ್ದವನು. ಹಿಬಾರಿ ಯಾರೆಂದೇ ತಿಳಿಯದ ಎಳೆಯರಿಗೆ ಮುಟ್ಟಬೇಕೆಂಬುದು ಆ ಆಲ್ಬಮಿನ ಉದ್ದೇಶ. ಅವನು ನ್ಯೂಯಾರ್ಕಿನಲ್ಲಿ ನದಿಯನ್ನು ನೋಡುತ್ತ ತನ್ನ ನಾಡನ್ನು ನೆನೆದು ಬರೆದ ಗೀತೆಗೆ ಮಿತಾಕೆ ಅಕಿರಾ ಸಂಗೀತ ಕೂಡಿಸಿದನು. ‘ಕಾವಾ ನೊ ನಾಗಾರೆ ನೊ ಯೋ ನಿ’, ಎಂದರೆ ನದಿಯ ಹರಿವಿನಂತೆ, ಎಂಬ ಆ ಗೀತೆಯೇ ಆಲ್ಬಮಿಗೂ ಹೆಸರಾಗಿ, 1988ರ ಡಿಸೆಂಬರ್ 1ರಂದು ಹೊರಬಂದಿತು. ಬಿಡಿಯಾಗಿ ಬೇರೊಂದು ಹಾಡನ್ನು ಹೊರತರಲು ಕಂಪನಿಯವರು ಯೋಚಿಸಿದ್ದರಂತೆ. ಇದೇ ಆಗಬೇಕೆಂದು ಹಟ ಹಿಡಿದವಳು ಆಕೆಯೇ.

ಆ ಹಾಡಿನಲ್ಲಿ ಎಂಕಾದ ಅಳುವಿಲ್ಲ, ಬೂಗಿಯ ಕುಣಿತವಿಲ್ಲ. ಇಂದಿನ ಸರಳ ಸಂಗೀತದ ಹಾಸಿನ ಮೇಲೆ ತಗ್ಗಿನಲ್ಲಿ ಮಾತಿನಂತೆ ಆರಂಭವಾಗಿ ಪಲ್ಲವಿಗೆ ಬಂದಾಗ ದನಿ ಕಳ್ಳಸ್ವರಕ್ಕೆ ಏರುತ್ತದೆ. ನನ್ನನ್ನು ಮೊದಲ ಸಲ ತಡೆದು ನಿಲ್ಲಿಸಿದ್ದು ಆ ಏರಿಕೆಯೇ. ‘ರಿಂಗೊ ಒಇವಾಕೆ’ಯನ್ನು ಆಮೇಲೆ ಕೇಳಿದಾಗ ನನಗೆ ರೋಮಾಂಚವಾಯಿತು. ಸೇಬಿನ ತೋಟದ ಹದಿನಾಲ್ಕರ ಹುಡುಗಿ ಏರುತ್ತಿದ್ದ ಮೆಟ್ಟಿಲನ್ನೇ 51ರ ಹೆಂಗಸೂ ಏರಿದ್ದಳು. ಧಾಟಿ ಪೂರ್ತಿಯಾಗಿ ಬದಲಾಗಿತ್ತು. ಕೊರಳಿನ ನಡೆ ಬದಲಾಗಿರಲಿಲ್ಲ.

1989ರ ಜನವರಿ 7ರಂದು ಶೋವಾ ಚಕ್ರವರ್ತಿ ತೀರಿಕೊಂಡು ಆ ಯುಗ ಮುಗಿಯಿತು. ನಾಲ್ಕು ದಿನಗಳ ಬಳಿಕ ಈ ಹಾಡು ಬಿಡಿಯಾಗಿ ಹೊರಬಂದಿತು. ಫೆಬ್ರವರಿ 7ರಂದು ಕೊಕುರಾದಲ್ಲಿ ಆಕೆಯ ಕೊನೆಯ ಕಚೇರಿ ನಡೆಯಿತು. ಜೂನ್ 24ರಂದು ಶ್ವಾಸಕೋಶದ ಬೇನೆಯಿಂದ ಆಕೆ ಟೋಕಿಯೋದಲ್ಲಿ ಕಣ್ಣುಮುಚ್ಚಿದಳು. ಸರಕಾರ ರಾಷ್ಟ್ರ ಜನಗೌರವ ಪ್ರಶಸ್ತಿಯನ್ನು ಸಲ್ಲಿಸಿತು. ಅದನ್ನು ಪಡೆದ ಮೊದಲ ಹೆಂಗಸು ಆಕೆ. ಪಡೆಯುವ ಹೊತ್ತಿಗೆ ಆಕೆಯೇ ಇರಲಿಲ್ಲ.

ಈ ಬಾಳು ನನಗೇಕೆ ಇಷ್ಟು ಹತ್ತಿರವೆನಿಸಿತೆಂಬುದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ರಜೆಗೆ ಊರಿಗೆ ಹೋದರೆ ನನ್ನ ಮಾತು ಪೇಟೆಯವರದಾಯಿತೆಂದು ನೆರೆಯವರು ನಗುತ್ತಾರೆ. ಇಲ್ಲಿ ತರಗತಿಯಲ್ಲಿ ಬಾಯಿ ತೆರೆದರೆ ಹಳ್ಳಿಯ ಮಾತೆಂದು ಕೆಲವರು ಮುಸಿಮುಸಿ ನಗುತ್ತಾರೆ. ಎರಡು ಕಡೆಯೂ ಘಂಟೆ ಬಾರಿಸುವವರಿಲ್ಲ. ಹೊಸದನ್ನು ಕಲಿಯುತ್ತ ಹೋದಂತೆ ಅವ್ವನ ಮಾತು, ಅವ್ವನ ಹಾಡು ನನ್ನಿಂದ ಜಾರಿಹೋಗುವುದೇ ಎಂಬ ಭಯ ನನಗೆ ಬಹಳ ದಿನಗಳಿಂದ ಇದ್ದಿತು. ಮೀನಿನ ಅಂಗಡಿಯವನ ಮಗಳು ಬೂಗಿ, ಮಾಂಬೊ, ಜಾಜ್ ಎಲ್ಲವನ್ನೂ ಹಾಡಿ, ಕೊನೆಗೆ ತನಗಿಂತ ಇಪ್ಪತ್ತು ವರ್ಷ ಕಿರಿಯನ ಮುಂದೆ ಹೊಸ ವಿದ್ಯಾರ್ಥಿನಿಯಂತೆ ನಿಂತಳು. ಆದರೂ ಕೊರಳನ್ನು ಕಳೆದುಕೊಳ್ಳಲಿಲ್ಲ. ಭಯ ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಈ ಸಲದ ರಜೆಯಲ್ಲಿ ಅವ್ವ ಒಲೆಯ ಮುಂದೆ ಪದ ಹೇಳುವಾಗ, ಬಹುದಿನಗಳ ಮೇಲೆ, ನಾನೂ ದನಿಗೂಡಿಸಿದೆ.