ದೊಡ್ಡವೀರರಾಜೇಂದ್ರರ ವಂಶಗ್ರಂಥ

ಹಾಲೇರಿ ವಂಶದ ದೊಡ್ಡವೀರರಾಜೇಂದ್ರರು ತಾರುಣ್ಯದಲ್ಲಿಯೇ ಸಕುಟುಂಬವಾಗಿ ಸೆರೆವಾಸವನ್ನನುಭವಿಸಿದವರು. 1788ರಲ್ಲಿ ಪಿರಿಯಾಪಟ್ಟಣದ ಕೋಟೆಯಿಂದ ತಪ್ಪಿಸಿಕೊಂಡು ಬಂದು ಕೊಡಗನ್ನು ಟಿಪ್ಪುವಿನ ಹಿಡಿತದಿಂದ ಬಿಡಿಸಿದರು. ಅವರ ಶೌರ್ಯವನ್ನು ಎಲ್ಲರೂ ಬಲ್ಲರು, ಕುಲವಾತ್ಸಲ್ಯವನ್ನರಿತವರು ವಿರಳ.

ಪಟ್ಟದರಸಿ ಮಹಾದೇವಮ್ಮಾಜಿಯವರಲ್ಲಿ ಉಳಿದ ಸಂತಾನವೆಲ್ಲ ಹೆಣ್ಣುಮಕ್ಕಳು. ಹಿರಿಯ ಮಗಳು ದೇವಮ್ಮಾಜಿಯ ಸಂತತಿಗೇ ಪಟ್ಟವು ಸಲ್ಲಬೇಕೆಂಬುದು, ಮೊಮ್ಮಗನ ಮುಖವನ್ನು ಕಾಣುವ ಮುನ್ನವೇ, ಅರಸರ ಹಂಬಲವಾಗಿದ್ದಿತು. 1807ರಲ್ಲಿ ರಾಣಿಯವರು ಲಿಂಗೈಕ್ಯರಾದರು. ಮರುವರ್ಷವೇ, 1633ರಿಂದ 1807ರವರೆಗಿನ ತಮ್ಮ ಮನೆತನದ ವೃತ್ತಾಂತವನ್ನು ಕನ್ನಡದಲ್ಲಿ ‘ರಾಜೇಂದ್ರನಾಮೆ’ಯೆಂಬ ಗ್ರಂಥವಾಗಿ ಬರೆಯಿಸಿದರು. ಹಿರಿಯರ ಹೆಸರು ಅಳಿಯದಿರಲೆಂಬುದರೊಡನೆ ಹುಟ್ಟಲಿರುವವರ ಹಕ್ಕು ಉಳಿಯಲೆಂಬ ಆಶಯವೂ ಅದರ ಹಿಂದೆ ಇದ್ದಿತೆಂದೇ ನಮ್ಮ ಭಾವನೆ.

1809ರಲ್ಲಿ ಅರಸರೂ ಲಿಂಗೈಕ್ಯರಾಗಲು ಬಾಲೆ ದೇವಮ್ಮಾಜಿಗೆ ಪಟ್ಟವಾಯಿತು. 1811ರಲ್ಲಿ ಚಿಕ್ಕಪ್ಪ ಲಿಂಗರಾಜರು ಅದನ್ನು ತಮ್ಮದಾಗಿಸಿಕೊಂಡರು. 1834ರಲ್ಲಿ ರಾಜ್ಯವೇ ಕಂಪನಿಯವರ ಪಾಲಾಯಿತು. ಗ್ರಂಥವು ಉಳಿದಿದೆ. ಮಡಿಕೇರಿಯ ಗದ್ದುಗೆಯಲ್ಲಿ ಅರಸರೂ ರಾಣಿಯವರೂ ಜೊತೆಯಾಗಿಯೇ ಇದ್ದಾರೆ.